ಯಂತ್ರ ಪೀಣ್ಯದಲ್ಲಿ, ಎಂಜಿನಿಯರ್ ಜಿಗಣಿಯಲ್ಲಿ: ಉತ್ಪಾದನಾ ಲೈನ್‌ಗೆ ರಿಮೋಟ್ ಸಂಪರ್ಕ ಕೊಡುವ ಕ್ರಮ

ಬೆಂಗಳೂರಿನ ಪೀಣ್ಯದ ಎರಡನೇ ಹಂತದ ಕಾರ್ಖಾನೆಯೊಂದರಲ್ಲಿ ಬಾಟಲಿ ತುಂಬುವ ಲೈನ್ ನಿಂತುಹೋಗಿದೆ, ಅದನ್ನು ಕಟ್ಟಿಕೊಟ್ಟ ಕಂಪನಿಯ ಎಂಜಿನಿಯರ್ ಊರಿನ ಇನ್ನೊಂದು ತುದಿಯ ಜಿಗಣಿಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಅವರು ನೈಸ್ ರಸ್ತೆ ಹಿಡಿದು ಬಂದರೂ, ಗೇಟಿನಲ್ಲಿ ಹೆಸರು ಬರೆಸಿ, ಲ್ಯಾಪ್‌ಟಾಪಿಗೆ ಅನುಮತಿ ಚೀಟಿ ಪಡೆದು, ನಿಯಂತ್ರಣ ಪೆಟ್ಟಿಗೆಯಾದ ಪ್ಯಾನೆಲ್‌ನ ಬಾಗಿಲು ತೆಗೆಯುವ ಹೊತ್ತಿಗೆ ಅರ್ಧ ಶಿಫ್ಟ್ ಕಳೆದಿರುತ್ತದೆ. ಯಂತ್ರ ಜರ್ಮನಿಯಿಂದಲೋ ಜಪಾನಿನಿಂದಲೋ ಬಂದದ್ದಾದರೆ ಕಾಯುವುದು ದಿನಗಟ್ಟಲೆ. ಆದ್ದರಿಂದಲೇ ಈಗ ಪೀಣ್ಯ, ಬೊಮ್ಮಸಂದ್ರ, ಬಿಡದಿಗಳ ಸಣ್ಣ ಘಟಕಗಳಲ್ಲಿಯೂ ಹೊಸ ಯಂತ್ರ ಕೊಳ್ಳುವಾಗ ದೂರದಿಂದಲೇ ಯಂತ್ರದೊಳಗೆ ಹೋಗುವ ರಿಮೋಟ್ ಆಕ್ಸೆಸ್ ಇದೆಯೇ ಎಂಬ ಪ್ರಶ್ನೆ ಬರುತ್ತದೆ. ಇದೆ ಎಂದು ಮಾರುವವರು ಹೇಳುತ್ತಾರೆ, ಒಂದು ರೌಟರ್ ಕೂರಿಸುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಯಾವ ತಂತ್ರಾಂಶ ಒಳ್ಳೆಯದು ಎಂಬ ಚರ್ಚೆಗೆ ಮೊದಲೇ ತೀರ್ಮಾನವಾಗಬೇಕಾದದ್ದು ಬೇರೊಂದಿದೆ: ಯಂತ್ರದ ಪಕ್ಕದಲ್ಲಿ ನಿಂತ ಮನುಷ್ಯ ಒಪ್ಪದೆ ದೂರದಲ್ಲಿರುವವರು ಏನನ್ನು ಮಾಡಬಲ್ಲರು? ಈ ಬರಹ ಹೇಳುವ ಕ್ರಮದಲ್ಲಿ ಆ ಪ್ರಶ್ನೆಗೆ ಉತ್ತರ ಒಂದೇ. ನೋಡುವುದನ್ನು ಬಿಟ್ಟು ಬೇರೇನನ್ನೂ ಮಾಡಲಾಗಬಾರದು. ನೋಡುವುದಕ್ಕೂ ಸ್ಥಳದಲ್ಲಿರುವವರ ಬಳಿಯ ಕೀಲಿ ತಿರುಗಿರಬೇಕು.

ನೋಡುವುದು, ತಿದ್ದುವುದು, ನಡೆಸುವುದು

ದೂರದಿಂದ ಮಾಡುವ ಕೆಲಸಗಳನ್ನು ಮೊದಲು ಈ ಮೂರಾಗಿ ವಿಂಗಡಿಸಿ ಕಾಗದದ ಮೇಲೆ ಬರೆಯಿರಿ. ಯಂತ್ರವನ್ನು ನಿಯಂತ್ರಿಸುವ ಚಿಕ್ಕ ಕಂಪ್ಯೂಟರಾದ ಪಿಎಲ್‌ಸಿಯ ಇನ್‌ಪುಟ್ ಔಟ್‌ಪುಟ್‌ಗಳನ್ನು, ಅಲಾರಂ ಪಟ್ಟಿಯನ್ನು, ಮೋಟಾರನ್ನು ನಿಯಂತ್ರಿಸುವ ಡ್ರೈವ್ ತೋರಿಸುವ ದೋಷದ ಸಂಖ್ಯೆಯನ್ನು ಓದುವುದು ನೋಡುವ ಕೆಲಸ. ಸಮಯ, ಟಾರ್ಕ್ (ತಿರುಚುವ ಬಲ), ವೇಗಗಳ ಅಂಕಿಗಳನ್ನೋ ಪಿಎಲ್‌ಸಿಗೆ ಬರೆದ ಲ್ಯಾಡರ್ ಪ್ರೋಗ್ರಾಮಿನ ಸಾಲನ್ನೋ ಬದಲಿಸುವುದು ತಿದ್ದುವ ಕೆಲಸ. ಮೋಟಾರನ್ನು ಓಡಿಸುವುದು, ಸಿಲಿಂಡರನ್ನು ಚಾಚುವುದು, ಅಲಾರಂ ರಿಸೆಟ್ ಮಾಡಿ ಲೈನನ್ನು ಮತ್ತೆ ಹೊರಡಿಸುವುದು ನಡೆಸುವ ಕೆಲಸ. ಒಂದೇ ಪಾಸ್‌ವರ್ಡ್ ಈ ಮೂರಕ್ಕೂ ಬಾಗಿಲು ತೆರೆಯುವಂತಿದ್ದರೆ ಆ ವ್ಯವಸ್ಥೆಯನ್ನು ಒಪ್ಪಿಕೊಳ್ಳಬೇಡಿ.

ದೂರವಾಣಿಯಲ್ಲಿ ಬರುವ ದೂರುಗಳಲ್ಲಿ ಬಹಳಷ್ಟು ನೋಡುವುದರಲ್ಲಿಯೇ ಬಗೆಹರಿಯುತ್ತವೆ. ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಪರದೆಯಲ್ಲಿ ಕಂಡರೆ, ಕೈಹಾಕಿ ಸರಿಮಾಡಲು ಸ್ಥಳದಲ್ಲಿ ಜನ ಇದ್ದೇ ಇರುತ್ತಾರೆ. ತಿದ್ದುವುದು ಕೆಲವೊಮ್ಮೆ ಬೇಕಾಗುತ್ತದೆ. ನಡೆಸುವುದು ಮಾತ್ರ ಬಾಟಲಿ ತುಂಬುವ, ಪ್ಯಾಕ್ ಮಾಡುವ, ಪ್ರೆಸ್ ಹೊಡೆಯುವ ಲೈನುಗಳಲ್ಲಿ ಬಹುಮಟ್ಟಿಗೆ ಬೇಡವೇ ಬೇಡ. ಗುಂಡಿ ಒತ್ತಲು ಅಲ್ಲೊಬ್ಬ ಆಪರೇಟರ್ ಇರುವಾಗ ಊರಿನ ಇನ್ನೊಂದು ತುದಿಯಿಂದ ಒತ್ತುವುದರಲ್ಲಿ ಲಾಭವೇನೂ ಇಲ್ಲ. ಯಂತ್ರದ ರಕ್ಷಣಾ ಕವಚವಾದ ಗಾರ್ಡಿನ ಒಳಗೆ ಯಾರ ಕೈ ಇದೆ ಎಂಬುದು ದೂರದಲ್ಲಿ ಕುಳಿತವರಿಗೆ ಕಾಣುವುದೂ ಇಲ್ಲ. ಕ್ಯಾಮೆರಾ ಹಾಕಿದ್ದೇವಲ್ಲ ಎಂಬ ಸಮಾಧಾನ ಸಾಲದು. ಕ್ಯಾಮೆರಾ ಒಂದು ಕೋನವನ್ನು ಮಾತ್ರ ತೋರಿಸುತ್ತದೆ, ಅದನ್ನೂ ಒಂದೆರಡು ಸೆಕೆಂಡ್ ತಡವಾಗಿ ತೋರಿಸಬಹುದು.

ಸಂಪರ್ಕಕ್ಕೆ ಮೊದಲು ಪ್ಯಾನೆಲ್ ಒಳಗಿನ ಕೆಲಸ

ಲೈನಿನಲ್ಲಿರುವ ಪ್ರತಿ ಪಿಎಲ್‌ಸಿ, ಎಚ್‌ಎಂಐ (ಆಪರೇಟರ್ ಬಳಸುವ ಪರದೆ), ಸರ್ವೋ ಡ್ರೈವ್, ಕ್ಯಾಮೆರಾ ಕಂಟ್ರೋಲರ್‌ಗಳ ಮಾದರಿ, ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಆವೃತ್ತಿ ಮತ್ತು ಐಪಿ ವಿಳಾಸಗಳನ್ನು ಪಟ್ಟಿ ಮಾಡಿ, ಅದರ ಒಂದು ಪ್ರತಿಯನ್ನು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ. ಒಬ್ಬರೇ ಕಟ್ಟಿದ ನಾಲ್ಕು ಯಂತ್ರಗಳಿದ್ದರೆ ನಾಲ್ಕರ ಪಿಎಲ್‌ಸಿಗೂ 192.168.0.1 ಎಂಬ ಒಂದೇ ವಿಳಾಸ ಇರುವುದು ತೀರ ಸಾಮಾನ್ಯ. ಅವನ್ನು ನೇರವಾಗಿ ಒಂದೇ ಸ್ವಿಚ್ಚಿಗೆ ಸೇರಿಸಿದರೆ ವಿಳಾಸಗಳು ಡಿಕ್ಕಿ ಹೊಡೆದು, ಓಡುತ್ತಿದ್ದ ಯಂತ್ರದ ಎಚ್‌ಎಂಐ ಕೂಡ ಸಂಪರ್ಕ ಕಳೆದುಕೊಳ್ಳುತ್ತದೆ. ವಿಳಾಸ ಬದಲಿಸಲು ಹೊರಟರೆ ಡ್ರೈವ್‌ಗಳ ಮತ್ತು ಎಚ್‌ಎಂಐಯ ಸೆಟ್ಟಿಂಗ್‌ಗಳನ್ನೂ ತಿದ್ದಬೇಕಾಗುವುದರಿಂದ, ಪ್ರತಿ ಯಂತ್ರಕ್ಕೆ ಒಂದು ಚಿಕ್ಕ ಕೈಗಾರಿಕಾ ರೌಟರ್ ಇಟ್ಟು ಒಳಗಿನ ಒಂದೊಂದು ವಿಳಾಸಕ್ಕೂ ಹೊರಗೆ ಬೇರೊಂದು ವಿಳಾಸ ತೋರಿಸುವ 1:1 ನ್ಯಾಟ್ ಮೂಲಕ ಹೊರಗಿನ ವಿಳಾಸವನ್ನು ಮಾತ್ರ ಬೇರೆ ಮಾಡುವುದು ಸುಲಭದ ದಾರಿ.

ಅನಂತರ ಬ್ಯಾಕಪ್. ಪಿಎಲ್‌ಸಿಯಲ್ಲಿ ಈಗ ಓಡುತ್ತಿರುವ ಪ್ರೋಗ್ರಾಮ್ ಮತ್ತು ನಿಮ್ಮ ಕಂಪ್ಯೂಟರಿನಲ್ಲಿರುವ ಪ್ರತಿ ಒಂದೇ ಆಗಿವೆಯೇ ಎಂದು ಪ್ರೋಗ್ರಾಮಿಂಗ್ ತಂತ್ರಾಂಶದಲ್ಲಿ ಹೋಲಿಸಿ ನೋಡಿ. ಆಗಿರುವುದಿಲ್ಲ. ಯಾರೋ ರಾತ್ರಿ ಪಾಳಿಯಲ್ಲಿ ಬದಲಿಸಿದ ಒಂದು ಟೈಮರ್, ತಾತ್ಕಾಲಿಕವೆಂದು ಬೈಪಾಸ್ ಮಾಡಿ ಹಾಗೆಯೇ ಉಳಿದ ಒಂದು ಸೆನ್ಸರ್ ಅಲ್ಲಿ ಸಿಗುತ್ತದೆ. ಆ ವ್ಯತ್ಯಾಸಗಳನ್ನು ಒಂದೊಂದಾಗಿ ತೀರಿಸಿಕೊಂಡು, ಸ್ಥಳದಲ್ಲಿಯೇ ಓಡಿಸಿ ನೋಡಿ, ದಿನಾಂಕ ಹಾಕಿ ಎರಡು ಕಡೆ ಇಡಿ. ಹಳೆಯ ಪ್ರತಿಯನ್ನು ದೂರದಿಂದ ಡೌನ್‌ಲೋಡ್ ಮಾಡಿ ನಡೆಯುತ್ತಿದ್ದ ಲೈನನ್ನು ಕೆಡಿಸುವುದು ಈ ವೃತ್ತಿಯ ಬಹಳ ಹಳೆಯ ಅಪಘಾತ. ಪ್ರೋಗ್ರಾಮಿನ ಮೂಲ ಪ್ರತಿ ಯಂತ್ರ ಕಟ್ಟಿದವರ ಬಳಿ ಮಾತ್ರ ಇದ್ದರೆ, ಮುಂದಿನ ಖರೀದಿ ಆದೇಶದಲ್ಲಿ ಅದನ್ನು ಹಸ್ತಾಂತರಿಸಬೇಕೆಂಬ ಷರತ್ತು ಸೇರಿಸಿ. ಹಣದ ಕೊನೆಯ ಕಂತು ಕೈಯಲ್ಲಿರುವಾಗಲೇ ಆ ಮಾತು ಎತ್ತಬೇಕು.

ಒಳಗೆ ಬರುವ ದಾರಿ

ಕಾರ್ಖಾನೆಯ ಇಂಟರ್‌ನೆಟ್ ರೌಟರಿನಲ್ಲಿ ಪೋರ್ಟನ್ನು, ಅಂದರೆ ಸಂಖ್ಯೆಯಿಂದ ಗುರುತಿಸುವ ಸಂಪರ್ಕದ ಬಾಗಿಲನ್ನು, ಫಾರ್ವರ್ಡ್ ಮಾಡಿ ಪಿಎಲ್‌ಸಿಯನ್ನು ನೇರವಾಗಿ ಹೊರಗೆ ತೆರೆಯುವುದನ್ನು ಯಾವ ಕಾರಣಕ್ಕೂ ಮಾಡಬೇಡಿ. ಮೋಡಿಕಾನ್ ಸಂಸ್ಥೆ 1979ರಲ್ಲಿ ರೂಪಿಸಿದ, ಯಂತ್ರಗಳು ಪರಸ್ಪರ ಮಾತನಾಡುವ ಮಾಡ್‌ಬಸ್ ಭಾಷೆಯಲ್ಲಿ, ಆಜ್ಞೆ ಕೊಡುವವರು ಯಾರೆಂದು ವಿಚಾರಿಸುವ ಏರ್ಪಾಡೇ ಇರಲಿಲ್ಲ. ಇಂದಿಗೂ ಬಹುಪಾಲು ಯಂತ್ರಗಳಲ್ಲಿ 502ನೇ ಪೋರ್ಟಿನಲ್ಲಿ ಓಡುವುದು ಆ ಸಾಮಾನ್ಯ ಮಾಡ್‌ಬಸ್ಸೇ. ಎಚ್‌ಎಂಐ ಪರದೆ ಹಂಚುವ ವಿಎನ್‌ಸಿಯ 5900 ಮತ್ತು ಸೀಮೆನ್ಸ್ ಪಿಎಲ್‌ಸಿಗಳು ಮಾತನಾಡುವ 102ನೇ ಪೋರ್ಟುಗಳನ್ನು ಇಂಟರ್‌ನೆಟ್ಟಿನಲ್ಲಿ ಹಗಲಿರುಳು ತಡಕಾಡುತ್ತಿರುವ ಕಂಪ್ಯೂಟರುಗಳಿವೆ. ತೆರೆದ ಬಾಗಿಲು ಅವಕ್ಕೆ ಕಾಣಲು ಬಹಳ ಹೊತ್ತು ಬೇಕಾಗುವುದಿಲ್ಲ.

ಎರಡನೆಯ ದಾರಿ ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು: ಲೈನಿನ ಪಕ್ಕದ ಕಂಪ್ಯೂಟರಿಗೆ, ಅದನ್ನು ದೂರದಿಂದ ನಡೆಸಲು ಬಿಡುವ ಟೀಮ್‌ವ್ಯೂಯರ್ ಅಥವಾ ಎನಿಡೆಸ್ಕ್ ಹಾಕಿ, ಯುಎಸ್‌ಬಿ ಅಥವಾ ಈಥರ್‌ನೆಟ್ ತಂತಿಯಿಂದ ಪಿಎಲ್‌ಸಿಗೆ ಜೋಡಿಸುವುದು. ತುರ್ತಿಗೆ, ಪಕ್ಕದಲ್ಲಿ ಮನುಷ್ಯ ಕುಳಿತಿರುವಾಗ, ಪ್ರತಿ ಸಲವೂ ಹೊಸ ಪಾಸ್‌ವರ್ಡ್ ಕೊಟ್ಟು ಇದನ್ನು ಬಳಸುವುದರಲ್ಲಿ ತಪ್ಪಿಲ್ಲ. ಆದರೆ ಯಾರೂ ಇಲ್ಲದಾಗಲೂ ಒಳಬರುವಂತೆ ಖಾಯಂ ಪಾಸ್‌ವರ್ಡ್ ಇಟ್ಟು, ಅದನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಆ ಕಂಪ್ಯೂಟರಿನಲ್ಲಿಯೇ ಊಟದ ವಿರಾಮದಲ್ಲಿ ಸಿನಿಮಾ ನೋಡುವ ವಾಡಿಕೆ ಬೆಳೆದರೆ, ಲೈನಿನ ಬಾಗಿಲಿಗೆ ಚಿಲಕವೇ ಇಲ್ಲದಂತಾಗುತ್ತದೆ.

ಖಾಯಂ ವ್ಯವಸ್ಥೆಗೆ ಸರಿಯಾದದ್ದು ಪ್ಯಾನೆಲಿನೊಳಗೆ ಸಾಧನಗಳನ್ನು ಸಿಕ್ಕಿಸುವ ಲೋಹದ ಪಟ್ಟಿಯಾದ ಡಿಐಎನ್ ರೈಲಿನ ಮೇಲೆ ಕೂರುವ, 24 ವೋಲ್ಟಿನಲ್ಲಿ ನಡೆಯುವ, ಇಂಟರ್‌ನೆಟ್ಟಿನಲ್ಲಿ ಖಾಸಗಿ ದಾರಿ ಕಟ್ಟುವ ಕೈಗಾರಿಕಾ ವಿಪಿಎನ್ ರೌಟರ್. ಇದು ಹೊರಗಿನಿಂದ ಬರುವ ಕರೆಗೆ ಕಾಯುತ್ತ ಕೂರುವುದಿಲ್ಲ. ತಾನೇ ಒಳಗಿನಿಂದ ಹೊರಕ್ಕೆ, ಸಾಮಾನ್ಯವಾಗಿ 443 ಅಥವಾ 1194ನೇ ಪೋರ್ಟಿನ ಮೂಲಕ, ನಡುವಿನ ಸರ್ವರಿಗೆ ಸಂಪರ್ಕ ಕಟ್ಟಿಕೊಳ್ಳುತ್ತದೆ. ಎಂಜಿನಿಯರ್ ಕೂಡ ಅದೇ ಸರ್ವರಿಗೆ ಬಂದು ಸೇರುತ್ತಾರೆ. ಕಾರ್ಖಾನೆಯ ಫೈರ್‌ವಾಲಿನಲ್ಲಿ ಒಳಬರುವ ರಂಧ್ರ ಕೊರೆಯಬೇಕಾಗಿಲ್ಲ. 4ಜಿ ಸಿಮ್ ಹಾಕುವವರಿಗಂತೂ ಬೇರೆ ದಾರಿ ಕಡಿಮೆ: ನಮ್ಮ ಮೊಬೈಲ್ ಕಂಪನಿಗಳು ಸಾಮಾನ್ಯ ಸಿಮ್‌ಗೆ ಸ್ವಂತ ಸಾರ್ವಜನಿಕ ಐಪಿವಿ4 ವಿಳಾಸ ಕೊಡದೆ ಅನೇಕ ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುತ್ತವೆ, ಆದ್ದರಿಂದ ಹೊರಗಿನಿಂದ ನೇರವಾಗಿ ಕರೆಯುವುದು ಸಾಧ್ಯವೇ ಆಗುವುದಿಲ್ಲ. ಶೀಟ್ ಹೊದಿಸಿದ ಷೆಡ್ಡಿನಲ್ಲಿ, ಅದರಲ್ಲಿಯೂ ಕಬ್ಬಿಣದ ಪ್ಯಾನೆಲಿನೊಳಗೆ, ಸಿಗ್ನಲ್ ಸಾಯುತ್ತದೆ. ಆಂಟೆನಾವನ್ನು ತಂತಿ ಎಳೆದು ಪ್ಯಾನೆಲಿನ ಹೊರಗೆ, ಆದಷ್ಟು ಎತ್ತರದಲ್ಲಿ ಕೂರಿಸಿ.

ಯಂತ್ರಗಳ ಜಾಲವನ್ನು ಕಚೇರಿಯ ಜಾಲದಿಂದ ಬೇರೆ ಇಡಬೇಕು. ಐಇಸಿ 62443 ಎಂಬ ಅಂತರರಾಷ್ಟ್ರೀಯ ಮಾನದಂಡ ಕಾರ್ಖಾನೆಯನ್ನು ವಲಯಗಳಾಗಿ ವಿಂಗಡಿಸಿ, ಒಂದು ವಲಯದಿಂದ ಇನ್ನೊಂದಕ್ಕೆ ಹೋಗುವ ದಾರಿಗಳನ್ನು ಎಣಿಸಿ ಕಾಯಬೇಕೆನ್ನುತ್ತದೆ. ಸಣ್ಣ ಘಟಕಕ್ಕೆ ಅದರ ಸಾರ ಇಷ್ಟು: ಲೆಕ್ಕಪತ್ರದ ಟ್ಯಾಲಿ ಓಡುವ ಕಂಪ್ಯೂಟರ್ ಮತ್ತು ಮುಚ್ಚಳ ಬಿಗಿಯುವ ಕ್ಯಾಪಿಂಗ್ ಯಂತ್ರದ ಪಿಎಲ್‌ಸಿ ಒಂದೇ ಸ್ವಿಚ್ಚಿನಲ್ಲಿ ಇರಬಾರದು, ಮತ್ತು ರೌಟರಿನಲ್ಲಿ ಒಬ್ಬ ಎಂಜಿನಿಯರಿಗೆ ತೆರೆಯುವ ದಾರಿ ಅವರಿಗೆ ಸಂಬಂಧಿಸಿದ ಯಂತ್ರದ ವಿಳಾಸಕ್ಕೆ ಮಾತ್ರ ತಲುಪಬೇಕು.

ಕೀಲಿ

ಈಗ ಮುಖ್ಯ ವಿಷಯ. ಪ್ಯಾನೆಲಿನ ಮುಂಭಾಗದಲ್ಲಿ, ಆಪರೇಟರಿಗೆ ಕೈಗೆಟಕುವಂತೆ, ಕೀಲಿ ಹಾಕಿ ತಿರುಗಿಸುವ ಒಂದು ಸೆಲೆಕ್ಟರ್ ಸ್ವಿಚ್ ಮತ್ತು ಅದರ ಪಕ್ಕದಲ್ಲಿ ಹಳದಿ ದೀಪವೊಂದನ್ನು ಕೂರಿಸಿ. ಸ್ವಿಚ್ಚಿನ ಒಂದು ಸಂಪರ್ಕವನ್ನು ರೌಟರಿನ ಡಿಜಿಟಲ್ ಇನ್‌ಪುಟ್ಟಿಗೆ ಕೊಡಿ. ಇಂಥ ರೌಟರುಗಳಲ್ಲಿ ಹಲವಕ್ಕೆ ಈ ಇನ್‌ಪುಟ್ ಇರುತ್ತದೆ, ಅದು ಆನ್ ಆಗದೆ ರೌಟರ್ ಹೊರಗಿನ ಸಂಪರ್ಕ ಕಟ್ಟಿಕೊಳ್ಳದಂತೆ ಸೆಟ್ಟಿಂಗ್ ಮಾಡಬಹುದು. ಎರಡನೆಯ ಸಂಪರ್ಕವನ್ನು ಪಿಎಲ್‌ಸಿಯ ಒಂದು ಇನ್‌ಪುಟ್ಟಿಗೆ ಎಳೆಯಿರಿ. ಕೀಲಿ ತಿರುಗಿದರೆ ಮಾತ್ರ ದಾರಿ ತೆರೆಯುತ್ತದೆ, ದಾರಿ ತೆರೆದಿರುವಷ್ಟೂ ಹೊತ್ತು ದೀಪ ಉರಿಯುತ್ತದೆ, ಲೈನಿನ ಆ ತುದಿಯಲ್ಲಿ ನಿಂತವರಿಗೂ ಅದು ಕಾಣುತ್ತದೆ. ಕೀಲಿಯ ಗೊಂಚಲು ಶಿಫ್ಟ್ ಇನ್‌ಚಾರ್ಜ್ ಬಳಿ ಇರಲಿ, ಪ್ಯಾನೆಲಿಗೇ ಸಿಕ್ಕಿಸಿ ಬಿಡಬೇಡಿ.

ಪಿಎಲ್‌ಸಿಯದೇ ಕೀಲಿ ಇದ್ದರೆ ಅದರ ಕಡೆಗೂ ಗಮನ ಬೇಕು. ಅಲೆನ್ ಬ್ರಾಡ್ಲಿಯ ದೊಡ್ಡ ಪಿಎಲ್‌ಸಿಗಳಲ್ಲಿ ರನ್, ರಿಮೋಟ್, ಪ್ರೋಗ್ರಾಮ್ ಎಂಬ ಮೂರು ಸ್ಥಾನಗಳಿವೆ. ರನ್‌ನಲ್ಲಿದ್ದಾಗ ತಂತ್ರಾಂಶದಿಂದ ಪ್ರೋಗ್ರಾಮ್ ತಿದ್ದಲು ಬರುವುದಿಲ್ಲ. ಓಡಾಟ ತಪ್ಪುತ್ತದೆಂದು ಬಹಳ ಕಡೆ ರಿಮೋಟ್‌ನಲ್ಲಿಯೇ ಬಿಟ್ಟಿರುತ್ತಾರೆ. ಇದರ ಬೆಲೆ ಏನೆಂಬುದಕ್ಕೆ 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಸ್ಥಾವರವೊಂದರಲ್ಲಿ ನಡೆದ ಟ್ರೈಟನ್ ಎಂಬ ಸೈಬರ್ ದಾಳಿ ಸಾಕ್ಷಿ: ಸುರಕ್ಷಾ ಕಂಟ್ರೋಲರ್‌ಗಳ ಕೀಲಿ ಪ್ರೋಗ್ರಾಮ್ ಸ್ಥಾನದಲ್ಲಿ ಉಳಿದಿದ್ದರಿಂದ, ಜಾಲದೊಳಗೆ ನುಗ್ಗಿದವರು ಅವುಗಳ ಒಳಗೇ ತಮ್ಮ ಕೋಡ್ ಬರೆಯಲು ಸಾಧ್ಯವಾಯಿತು. ಸೀಮೆನ್ಸ್ ಎಸ್7-1200ರಂಥ ಚಿಕ್ಕ ಪಿಎಲ್‌ಸಿಗಳಲ್ಲಿ ಕೈಯಿಂದ ತಿರುಗಿಸುವ ಸ್ವಿಚ್ಚೇ ಇಲ್ಲ. ಅಲ್ಲಿ ಪಿಎಲ್‌ಸಿಯ ಸಂರಕ್ಷಣಾ ಹಂತವನ್ನು ಓದಲು ಮಾತ್ರ ಎಂದು ಇಟ್ಟು, ಬರೆಯುವ ಪಾಸ್‌ವರ್ಡನ್ನು ಕಾರ್ಖಾನೆಯವರೇ ಇಟ್ಟುಕೊಳ್ಳಬೇಕು.

ಪ್ರೋಗ್ರಾಮಿನೊಳಗೆ ಏನಿರಬೇಕು

ಕೀಲಿಯ ಇನ್‌ಪುಟ್ ಬಂದಾಗ ಮಾತ್ರ ಸೆಟ್ ಆಗುವ ರಿಮೋಟ್ ಅನುಮತಿ ಎಂಬ ಒಂದು ಬಿಟ್, ಅಂದರೆ 0 ಅಥವಾ 1 ಮಾತ್ರ ಆಗಬಲ್ಲ ಗುರುತು, ಮಾಡಿಕೊಳ್ಳಿ. ಹೊರಗಿನಿಂದ ಬರುವ ಪ್ರತಿ ಬರಹವೂ ಈ ಬಿಟ್ಟಿನ ಮೂಲಕ ಹಾಯಬೇಕು. ಕೀಲಿಯನ್ನು ಮರೆತು ಮನೆಗೆ ಹೋಗುವವರು ಇರುವುದರಿಂದ, ಒಂದು ಗಂಟೆ ಕಳೆದ ಮೇಲೆ ಅನುಮತಿ ತಾನಾಗಿ ಬಿದ್ದುಹೋಗಿ, ಮತ್ತೆ ಬೇಕಾದರೆ ಕೀಲಿಯನ್ನು ಆಫ್ ಮಾಡಿ ಆನ್ ಮಾಡಬೇಕಾಗುವಂತೆ ಟೈಮರ್ ಹಾಕಿ. ವಿದ್ಯುತ್ ಹೋಗಿ ಬಂದಾಗಲೂ ಇದೇ ನಿಯಮ. ಮುಂಗಾರಿಗೆ ಮುಂಚಿನ ಗಾಳಿಮಳೆಯಲ್ಲಿ ಬೆಸ್ಕಾಂ ವಿದ್ಯುತ್ ಹೋಗಿ ಬಂದು ಆಟವಾಡುವ ಸಂಜೆಗಳಲ್ಲಿ, ಪಿಎಲ್‌ಸಿ ಎಚ್ಚೆತ್ತ ಕೂಡಲೇ ಹಳೆಯ ಅನುಮತಿ ಜೀವಂತವಾಗಿರಬಾರದು.

ಸಂಪರ್ಕ ಕಡಿದುಹೋದದ್ದನ್ನು ಪಿಎಲ್‌ಸಿ ತಾನೇ ಅರಿಯಬೇಕು. ದೂರದ ತಂತ್ರಾಂಶ ಸೆಕೆಂಡಿಗೊಮ್ಮೆ ಒಂದು ಅಂಕಿಯನ್ನು ಏರಿಸುತ್ತ ಹೋಗಲಿ. ಪಿಎಲ್‌ಸಿಯಲ್ಲಿ ಆ ಅಂಕಿ ಹಿಂದಿನ ಸಲಕ್ಕಿಂತ ಬದಲಾಗಿದೆಯೇ ಎಂದು ಹೋಲಿಸಿ, ಬದಲಾದಾಗಲೆಲ್ಲ 3 ಸೆಕೆಂಡಿನ ಟೈಮರನ್ನು ಸೊನ್ನೆಗೆ ತನ್ನಿ. ಟೈಮರ್ ತುಂಬಿತೆಂದರೆ ಅನುಮತಿ ರದ್ದು. ಹಾರ್ಟ್‌ಬೀಟ್ ಎಂದು ಕರೆಯುವ ಈ ನಾಲ್ಕು ಸಾಲಿನ ಲ್ಯಾಡರ್ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ವಿಎನ್‌ಸಿ ಬಳಸಿದವರು ಬಲ್ಲರು: ಒತ್ತಿ ಹಿಡಿದರೆ ಮಾತ್ರ ಓಡುವ ಜಾಗ್ ಗುಂಡಿಯನ್ನು ದೂರದಿಂದ ಒತ್ತಿದಾಗ ಬಿಟ್ 1 ಆಗುತ್ತದೆ, ಬೆರಳು ತೆಗೆದ ಸುದ್ದಿ ಬರುವ ಮೊದಲೇ ಸಿಗ್ನಲ್ ಹೋದರೆ ಆ ಬಿಟ್ 1 ಆಗಿಯೇ ಉಳಿದು ಕನ್ವೇಯರ್ ಓಡುತ್ತಲೇ ಇರಬಹುದು. ಪಿಎಲ್‌ಸಿ ತನ್ನ ಪ್ರೋಗ್ರಾಮನ್ನು ಕೆಲವೇ ಮಿಲಿಸೆಕೆಂಡ್‌ಗಳಲ್ಲಿ ಒಂದು ಸುತ್ತು ಓದಿ ಮುಗಿಸುತ್ತದೆ, ಮೊಬೈಲ್ ಜಾಲದಲ್ಲಿ ಒಂದು ಮಾತು ಹೋಗಿ ಬರಲು ಅದರ ಹತ್ತಾರು ಪಟ್ಟು ಹೊತ್ತು ಹಿಡಿಯುತ್ತದೆ, ಅದೂ ಪ್ರತಿ ಸಲ ಒಂದೇ ಸಮನಾಗಿ ಇರುವುದಿಲ್ಲ. ಆದ್ದರಿಂದ ಜಾಗ್ ಗುಂಡಿಗಳನ್ನು ರಿಮೋಟ್ ಪರದೆಯಿಂದ ತೆಗೆದೇ ಬಿಡುವುದು ಒಳಿತು.

ತಿದ್ದಬಹುದಾದ ಅಂಕಿಗಳಿಗೆ ಕನಿಷ್ಠ, ಗರಿಷ್ಠ ಮಿತಿಗಳನ್ನು ಎಚ್‌ಎಂಐಯಲ್ಲಿ ಮಾತ್ರವಲ್ಲದೆ ಪಿಎಲ್‌ಸಿಯಲ್ಲಿಯೂ ಕಟ್ಟಿ. ಮುಚ್ಚಳ ಬಿಗಿಯುವ ಟಾರ್ಕ್ 1.2ರಿಂದ 1.8 ನ್ಯೂಟನ್ ಮೀಟರ್ ನಡುವೆ ಇರಬೇಕಾದ ಯಂತ್ರದಲ್ಲಿ, 1.5 ಎನ್ನುವ ಕಡೆ ಚುಕ್ಕಿ ಬಿಟ್ಟು 15 ಎಂದು ಟೈಪಾದರೆ ಪಿಎಲ್‌ಸಿ ಅದನ್ನು ತಿರಸ್ಕರಿಸಿ ಹಳೆಯ ಅಂಕಿಯನ್ನೇ ಉಳಿಸಿಕೊಳ್ಳಬೇಕು.

ಎಮರ್ಜೆನ್ಸಿ ಸ್ಟಾಪ್, ಗಾರ್ಡಿನ ಬಾಗಿಲಿನ ಇಂಟರ್‌ಲಾಕ್, ಕೈ ಅಡ್ಡ ಬಂದರೆ ಯಂತ್ರವನ್ನು ನಿಲ್ಲಿಸುವ ಲೈಟ್ ಕರ್ಟನ್ ಇವು ಈ ಇಡೀ ವ್ಯವಸ್ಥೆಯ ಹೊರಗೆ, ಸೇಫ್ಟಿ ರಿಲೇ ಅಥವಾ ಸೇಫ್ಟಿ ಪಿಎಲ್‌ಸಿಯ ಕೈಯಲ್ಲಿ ಇರುತ್ತವೆ. ಒತ್ತಿದ ಕೆಂಪು ಗುಂಡಿಯನ್ನು ಒತ್ತಿದ ಜಾಗದಲ್ಲಿಯೇ, ಕೈಯಿಂದಲೇ ಬಿಡಿಸಬೇಕು, ಹಾಗೆ ಬಿಡಿಸಿದ ಮಾತ್ರಕ್ಕೆ ಯಂತ್ರ ಹೊರಡಬಾರದು ಎಂದು ಐಎಸ್‌ಒ 13850 ಎಂಬ ಮಾನದಂಡ ಹೇಳುತ್ತದೆ. ಪರದೆಯ ಮೇಲೆ ಕೆಂಪು ಬಣ್ಣದ ಗುಂಡಿಯನ್ನು ಚಿತ್ರಿಸಿ ಎಮರ್ಜೆನ್ಸಿ ಎಂದು ಬರೆಯುವವರಿದ್ದಾರೆ. ಅದನ್ನು ಅಳಿಸಿ ಸ್ಟಾಪ್ ಎಂದು ಬರೆಯಿಸಿ. ಸಿಗ್ನಲ್ ಇದ್ದರೆ ಮಾತ್ರ ಕೆಲಸ ಮಾಡುವ ಗುಂಡಿಯನ್ನು ನಂಬಿ ಯಾರೂ ಗಾರ್ಡಿನೊಳಗೆ ಕೈ ಹಾಕುವಂತಾಗಬಾರದು.

ಕೆಲಸದ ಹೊತ್ತಿನಲ್ಲಿ

ಆ ನಿಂತ ಲೈನಿಗೆ ಮರಳೋಣ. ಮುಚ್ಚಳ ಇಲ್ಲ ಎಂಬ ಅಲಾರಂ ಪದೇ ಪದೇ ಬರುತ್ತಿದೆ, ಮುಚ್ಚಳಗಳಂತೂ ಜಾರುದಾರಿಯಲ್ಲಿ ಸಾಲಾಗಿ ನಿಂತಿವೆ. ಪೀಣ್ಯದ ಶಿಫ್ಟ್ ಇನ್‌ಚಾರ್ಜ್ ಫೋನ್ ಮಾಡುತ್ತಾರೆ. ಫೋನ್ ಸಂಭಾಷಣೆ ಸಂಪರ್ಕ ಮುಗಿಯುವವರೆಗೂ ನಡೆಯುತ್ತಲೇ ಇರಬೇಕು ಎಂಬುದು ಮೊದಲ ನಿಯಮ.

“ಸಾರ್, ಲೈನ್ ಸ್ಟಾಪಲ್ಲಿದೆಯಾ? ಗಾರ್ಡ್ ಒಳಗೆ ಯಾರಾದ್ರೂ ಇದ್ದಾರಾ?” ಎಂದು ಜಿಗಣಿಯಿಂದ ಪ್ರಶ್ನೆ ಬರುತ್ತದೆ.

“ಇಲ್ಲ ಮೇಡಂ, ಎಲ್ಲ ಹೊರಗಿದ್ದಾರೆ. ಕೀ ಆನ್ ಮಾಡ್ತಿದೀನಿ. ಹಳದಿ ಲೈಟ್ ಬಂತು.”

“ಸರಿ, ಬರೀ ನೋಡ್ತೀನಿ. ಏನಾದ್ರೂ ಚೇಂಜ್ ಮಾಡೋದಿದ್ರೆ ಮೊದಲು ಹೇಳ್ತೀನಿ, ನೀವು ಹೂಂ ಅಂದ ಮೇಲೆ ಮಾಡ್ತೀನಿ.”

ಎಂಜಿನಿಯರ್ ಪ್ರೋಗ್ರಾಮನ್ನು ಆನ್‌ಲೈನಿನಲ್ಲಿ ತೆರೆದು ಮುಚ್ಚಳ ಗುರುತಿಸುವ ಫೋಟೊ ಸೆನ್ಸರಿನ ಇನ್‌ಪುಟ್ಟನ್ನು ನೋಡುತ್ತಾರೆ. ಮುಚ್ಚಳ ಎದುರಿಗೇ ನಿಂತಿದ್ದರೂ ಬಿಟ್ ಮಿಣುಕುತ್ತಿದೆ. ಸೆನ್ಸರಿನ ಮೇಲಿನ ಚಿಕ್ಕ ದೀಪವೂ ಹಾಗೆಯೇ ಮಿಣುಕುತ್ತಿದೆಯೇ ಎಂದು ಕೇಳುತ್ತಾರೆ. ಹೌದೆಂದು ಉತ್ತರ ಬಂದರೆ ತಂತಿ ಮತ್ತು ಪಿಎಲ್‌ಸಿ ಸರಿಯಿವೆ, ದೋಷವಿರುವುದು ಸೆನ್ಸರಿನ ನೋಟದಲ್ಲಿ. ಆಪರೇಟರ್ ಹತ್ತಿಬಟ್ಟೆಯಿಂದ ಮಸೂರವನ್ನೂ ಎದುರಿನ ರಿಫ್ಲೆಕ್ಟರನ್ನೂ ಒರೆಸುತ್ತಾರೆ. ಸಕ್ಕರೆಪಾಕದ ಸಣ್ಣ ಹನಿಯೊಂದು ಒಣಗಿ ಅಂಟಿಕೊಂಡಿತ್ತು. ಬಿಟ್ ಮಿಣುಕುವುದು ನಿಂತಿತು. ಪ್ರೋಗ್ರಾಮಿನ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ. ಇಲ್ಲಿ ಆತುರದ ಎಂಜಿನಿಯರ್ ಮಾಡುವುದು ಬೇರೆ: ಆ ಇನ್‌ಪುಟ್ಟನ್ನು ಫೋರ್ಸ್ ಮಾಡಿ ಸದಾ 1 ಎಂದು ತೋರಿಸಿ ಲೈನನ್ನು ಹೊರಡಿಸಿಬಿಡುತ್ತಾರೆ; ಸಂಜೆಯ ಹೊತ್ತಿಗೆ ಮುಚ್ಚಳವಿಲ್ಲದ ಬಾಟಲಿಗಳು ಪೆಟ್ಟಿಗೆ ಸೇರುತ್ತವೆ. ದೂರದಿಂದ ಫೋರ್ಸ್ ಮಾಡುವುದನ್ನು ನಿಷೇಧಿಸಿ ಎಂದೇ ನನ್ನ ಸಲಹೆ.

ತಿದ್ದಲೇಬೇಕಾದಾಗ ಈ ಕ್ರಮ ಇರಲಿ: ಹಳೆಯ ಅಂಕಿಯನ್ನು ಫೋನಿನಲ್ಲಿ ಓದಿ ಹೇಳುವುದು, ಇನ್‌ಚಾರ್ಜ್ ಅದನ್ನು ಬರೆದುಕೊಳ್ಳುವುದು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸುವುದು, ಸ್ಟಾರ್ಟ್ ಗುಂಡಿಯನ್ನು ಸ್ಥಳದಲ್ಲಿದ್ದವರೇ ಒತ್ತುವುದು, ಹತ್ತು ಬಾಟಲಿ ಹೋದ ಮೇಲೆ ಮುಂದಿನದು. ಪ್ರೋಗ್ರಾಮಿನ ಸಾಲನ್ನೇ ಬದಲಿಸಬೇಕಾದರೆ ಶಿಫ್ಟ್ ಬದಲಾಗುವ ಹೊತ್ತನ್ನು ಆರಿಸಬೇಡಿ.

ಮುಗಿದ ಮೇಲೆ

ಕೀಲಿ ಆಫ್ ಮಾಡಿ, ಹಳದಿ ದೀಪ ಆರಿದ್ದನ್ನು ಇನ್‌ಚಾರ್ಜ್ ನೋಡಿ ಹೇಳಬೇಕು. ಏನಾದರೂ ಬದಲಾಗಿದ್ದರೆ ಅದೇ ದಿನ ಹೊಸ ಬ್ಯಾಕಪ್ ತೆಗೆದು, ಲಾಗ್ ಪುಸ್ತಕದಲ್ಲಿ ಯಾರು, ಯಾವಾಗ, ಯಾವ ಅಂಕಿಯನ್ನು ಎಷ್ಟರಿಂದ ಎಷ್ಟಕ್ಕೆ ಬದಲಿಸಿದರು ಎಂದು ಬರೆಯಿರಿ. ರೌಟರಿನ ಲಾಗ್ ಹೇಗೂ ಇದೆಯಲ್ಲ ಎನ್ನಬೇಡಿ. ಅದು ಬಂದುಹೋದವರ ಹೆಸರನ್ನು ಹೇಳುತ್ತದೆಯೇ ಹೊರತು ಮಾಡಿದ ಕೆಲಸವನ್ನು ಹೇಳುವುದಿಲ್ಲ. ರೌಟರಿನ ಗಡಿಯಾರ ಅನೇಕ ವೇಳೆ ಜಾಗತಿಕ ಕಾಲಮಾನವಾದ ಯುಟಿಸಿಯಲ್ಲಿ, ಪಿಎಲ್‌ಸಿಯದು ಭಾರತೀಯ ಕಾಲಮಾನದಲ್ಲಿ ಇದ್ದು, ಒಂದೇ ಘಟನೆ ಎರಡು ಕಡೆ ಐದೂವರೆ ಗಂಟೆಯ ಅಂತರದಲ್ಲಿ ದಾಖಲಾಗಿರುತ್ತದೆ. ಎರಡಕ್ಕೂ ಒಂದೇ ಕಾಲಮಾನ ಇಟ್ಟು, ಜಾಲದ ಮೂಲಕ ಸಮಯ ಕೊಡುವ ಒಂದೇ ಎನ್‌ಟಿಪಿ ಸರ್ವರಿಗೆ ಹೊಂದಿಸಿ. ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸಂಸ್ಥೆಗಳು ಲಾಗ್‌ಗಳನ್ನು 180 ದಿನ ಕಾಯ್ದಿಡಬೇಕು, ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಗಡಿಯಾರಗಳನ್ನು ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿಕೊಳ್ಳಬೇಕು. ಸಣ್ಣ ರೌಟರುಗಳ ನೆನಪಿನಲ್ಲಿ ಅಷ್ಟು ದಿನದ ಲಾಗ್ ಹಿಡಿಸುವುದು ಕಷ್ಟ, ಅದನ್ನು ಆಗಾಗ ಬೇರೆ ಕಂಪ್ಯೂಟರಿಗೆ ಕಳುಹಿಸುವ ಏರ್ಪಾಡು ಮಾಡಿ.

ಖಾತೆಗಳ ವಿಷಯದಲ್ಲಿ ಒಂದು ಮಾತು. ವಿಪಿಎನ್ ಸೇವೆಯ ಮುಖ್ಯ ಖಾತೆ ಮತ್ತು ಸಿಮ್ ಕಾರ್ಡ್ ಕಾರ್ಖಾನೆಯ ಹೆಸರಿನಲ್ಲಿರಬೇಕು, ಯಂತ್ರ ಕಟ್ಟಿದವರಿಗೆ ಅದರ ಕೆಳಗೆ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ, ಫೋನಿಗೆ ಬರುವ ಎರಡನೇ ಹಂತದ ದೃಢೀಕರಣದೊಂದಿಗೆ. ಈ ಊರಿನಲ್ಲಿ ಆಟೊಮೇಷನ್ ಎಂಜಿನಿಯರುಗಳು ಕೆಲಸ ಬದಲಿಸುತ್ತಲೇ ಇರುತ್ತಾರೆ. ಹೋದವರ ಖಾತೆಯನ್ನು ಮುಚ್ಚಲು ಯಂತ್ರ ಕಟ್ಟಿದವರು ನಿಮಗೆ ತಿಳಿಸುತ್ತಾರೆಂದು ಕಾಯದೆ, ಮೂರು ತಿಂಗಳಿಗೊಮ್ಮೆ ನೀವೇ ಪಟ್ಟಿ ಕಳುಹಿಸಿ ಇವರೆಲ್ಲ ಇನ್ನೂ ಇದ್ದಾರೆಯೇ ಎಂದು ಕೇಳಿ.

ವ್ಯವಸ್ಥೆಯನ್ನು ಒಪ್ಪಿಕೊಂಡು ಸಹಿ ಹಾಕುವ ದಿನ ಇವನ್ನು ಸ್ವತಃ ನಿಂತು ಪರೀಕ್ಷಿಸಿ. ಕೀಲಿ ಆಫ್ ಇರುವಾಗ ಎಂಜಿನಿಯರ್ ಹೊರಗಿನಿಂದ ಪ್ರಯತ್ನಿಸಲಿ, ಒಳಬರಲು ಆಗಬಾರದು. ಕೀಲಿ ಆನ್ ಮಾಡಿ, ಟಾರ್ಕಿಗೆ 15 ಎಂದು ಬರೆಯಲು ಹೇಳಿ, ಅಂಕಿ ಬದಲಾಗಬಾರದು. ಸಂಪರ್ಕ ನಡೆಯುತ್ತಿರುವಾಗ ರೌಟರಿನ ಆಂಟೆನಾ ಬಿಚ್ಚಿ. 3 ಸೆಕೆಂಡಿನ ಆಸುಪಾಸಿನಲ್ಲಿ ಅನುಮತಿ ಬೀಳಬೇಕು. ಪ್ಯಾನೆಲಿನ ಮುಖ್ಯ ಸ್ವಿಚ್ ತೆಗೆದು ಹಾಕಿ. ಕೀಲಿ ಆನ್ ಸ್ಥಾನದಲ್ಲಿಯೇ ಇದ್ದರೂ, ಅದನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುವವರೆಗೆ ಅನುಮತಿ ಮರಳಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಸಹಿಯನ್ನು ಮುಂದಕ್ಕೆ ಹಾಕಿ.